ಮಾತ್ರೆಯ ಅಡ್ಡಪರಿಣಾಮಕ್ಕೆ ಕಂಪನಿಯಿಂದ ಪರಿಹಾರ ಕೇಳಬಹುದೇ?

ಪ್ರಶ್ನೆ: ಆಲೂರು, ಹಾಸನ ಜಿಲ್ಲೆ

ನಮ್ಮ ತಂದೆಯವರು ಸಕ್ಕರೆ ಕಾಯಿಲೆಗೆ ಪಯೋಗ್ಲಿಟಜೋನ್ ಸೇರಿದ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡರು. ಕಾಲು ಊದಿಕೊಂಡು, ಏದುಸಿರು ಹೆಚ್ಚಾಗಿ, ಕೊನೆಗೆ ಹೃದಯ ವೈಫಲ್ಯವೆಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಕಾಫಿ ಫಸಲಿನ ಹಣವೆಲ್ಲ ಅದಕ್ಕೇ ಹೋಗಿ, ಸೊಸೈಟಿಯಲ್ಲಿ ಸಾಲವೂ ಆಗಿದೆ. ಇದೇ ಔಷಧಕ್ಕಾಗಿ ಅಮೆರಿಕದ ರೋಗಿಗಳಿಗೆ ದೊಡ್ಡ ಪರಿಹಾರ ಸಿಕ್ಕಿತೆಂದು ಓದಿದೆ. ನಾವೂ ಹಾಗೆ ಕೇಳಬಹುದೇ?

ಉತ್ತರ: ವಕೀಲರು, ಹಾಸನ

ಅಲ್ಲಿನ ದಾವೆಗಳು ಮುಖ್ಯವಾಗಿ ಮೂತ್ರಕೋಶದ ಕ್ಯಾನ್ಸರ್‌ಗೆ ಸಂಬಂಧಿಸಿದವು. ಅಲ್ಲಿ ಈ ಔಷಧ ಮಾರುತ್ತಿದ್ದ ಟಕೇಡಾ ಕಂಪನಿ 2015ರಲ್ಲಿ ಸುಮಾರು 240 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಲ್ಲಿ ವಕೀಲರು ಗೆದ್ದ ಹಣದಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಸಾವಿರಾರು ರೋಗಿಗಳ ದಾವೆ ನಡೆಸಬಲ್ಲರು. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ನಿಮಗಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸಾಕಷ್ಟು ಎಚ್ಚರಿಕೆ ನೀಡದ ತಯಾರಕರು ಹಾನಿಗೆ ಹೊಣೆಯೆಂದು ಅದರ ಕಲಂ 84 ಹೇಳುತ್ತದೆ. ಆದರೆ ತಜ್ಞರ ಮೇಲ್ವಿಚಾರಣೆಯಲ್ಲಷ್ಟೇ ಬಳಸಬೇಕಾದ ಸರಕಿನ ವಿಷಯದಲ್ಲಿ, ಆ ತಜ್ಞರಿಗೆ ಎಚ್ಚರಿಕೆ ತಲುಪಿಸಲು ತಕ್ಕ ಕ್ರಮ ಕೈಗೊಂಡಿದ್ದರೆ ತಯಾರಕರು ಪಾರಾಗುತ್ತಾರೆಂದು ಕಲಂ 87 ಹೇಳುತ್ತದೆ. ನಿಮ್ಮ ಪ್ರಕರಣಕ್ಕೆ ದೊಡ್ಡ ಅಡ್ಡಿ ಇದೇ. ಕೇಂದ್ರ ಸರ್ಕಾರ 2013ರ ಜೂನ್‌ನಲ್ಲಿ ಈ ಔಷಧವನ್ನು ತಡೆಹಿಡಿದು, ಮರುತಿಂಗಳೇ ಪೊಟ್ಟಣದೊಳಗಿನ ಮಾಹಿತಿ ಪತ್ರದಲ್ಲಿ ಎಚ್ಚರಿಕೆ ಮುದ್ರಿಸಬೇಕೆಂಬ ಷರತ್ತಿನೊಡನೆ ಮಾರಾಟಕ್ಕೆ ಬಿಟ್ಟಿತು.

ಹಾಗಾಗಿ ಪ್ರಶ್ನೆ ಬಹುಮಟ್ಟಿಗೆ ವೈದ್ಯರ ಕಡೆಗೇ ತಿರುಗುತ್ತದೆ: ಕಾಲು ಊದಿದ್ದನ್ನು ತಿಳಿಸಿದ ಮೇಲೂ ಮಾತ್ರೆ ಮುಂದುವರಿಸಿದರೇ? ವೈದ್ಯಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಡ್ಡಪರಿಣಾಮವಾದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದು. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕು. ದೂರನ್ನು 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಿ.

ಉತ್ತರ: ಔಷಧ ಅಂಗಡಿ, ಚಿಕ್ಕಮಗಳೂರು

ದಾವೆ ಹೂಡಿದರೂ ಬಿಟ್ಟರೂ ಈ ತೊಂದರೆಯನ್ನು ದಯವಿಟ್ಟು ವರದಿ ಮಾಡಿ. ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ 1800-180-3024 ಉಚಿತ ಸಂಖ್ಯೆಗೆ ರೋಗಿಯ ಮನೆಯವರೇ ಕರೆ ಮಾಡಬಹುದು. ನಮ್ಮ ಕಡೆ ಕಾಲು ಊದಿದರೆ ವಯಸ್ಸಿನ ದೋಷವೆಂದು ಸುಮ್ಮನಾಗುವವರೇ ಹೆಚ್ಚು. ವರದಿಯೇ ಆಗದ ಹಾನಿ ಔಷಧ ನಿಯಂತ್ರಕರ ಲೆಕ್ಕಕ್ಕೆ ಸಿಗುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಹಳೆಯ ಔಷಧ ಚೀಟಿಗಳಿವೆ, ಆದರೆ ಆಸ್ಪತ್ರೆಯವರು ಕೇಸ್ ಶೀಟ್ ಕೊಡುತ್ತಿಲ್ಲ.

ಉತ್ತರ: ವಕೀಲರು, ಹಾಸನ

ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ವೈದ್ಯರ ವೃತ್ತಿ ನಿಯಮದಂತೆ 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. ಔಷಧದ ಬಿಲ್ಲುಗಳಿದ್ದರೆ ಬ್ಯಾಚ್ ಸಂಖ್ಯೆ ಕಾಣುವಂತೆ ನಕಲು ತೆಗೆದಿಡಿ.