ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ಕೂಲಂಟ್ ಇಳಿಯುತ್ತಿದೆ

ಪ್ರಶ್ನೆ:
ಪೆಟ್ರೋಲ್ ಕಾರು, ಏಳು ವರ್ಷ ಹಳೆಯದು, 82,000 ಕಿ.ಮೀ. ಓಡಿದೆ. ಎಂಜಿನ್ ತಂಪಾಗಿಡುವ ಕೂಲಂಟ್ ದ್ರವದ ಡಬ್ಬಿಯ ಮಟ್ಟ ಹತ್ತು ದಿನಕ್ಕೊಮ್ಮೆ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಬರುತ್ತದೆ, ಪ್ರತಿ ಸಲ ಸುಮಾರು 300 ಮಿ.ಲೀ. ಹಾಕಬೇಕಾಗುತ್ತದೆ. ನಿಲ್ಲಿಸಿದ ಜಾಗ ಒಣಗಿಯೇ ಇರುತ್ತದೆ. ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮೇಲೆ ಹೋಗಿಲ್ಲ. ಓಡಿಸಿ ನಿಲ್ಲಿಸಿದ ಮೇಲೆ ಬಾನೆಟ್ ಹತ್ತಿರ ಸಿಹಿ ವಾಸನೆ. ಗ್ಯಾರೇಜಿನವರು ರೇಡಿಯೇಟರ್ ಬದಲಿಸಿ ನೋಡೋಣ ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ಏನೇನು ನೋಡಬೇಕು?

ಉತ್ತರ 1:
ರೇಡಿಯೇಟರ್ ಮುಟ್ಟುವ ಮುಂಚೆ ಪ್ರೆಶರ್ ಟೆಸ್ಟ್ (ಕೂಲಂಟ್ ಇರುವ ಭಾಗಕ್ಕೆ ಗಾಳಿ ಪಂಪ್ ಮಾಡಿ ಸೋರಿಕೆ ಹುಡುಕುವುದು) ಮಾಡಿಸಿ. ಅರ್ಧ ಗಂಟೆಯ ಕೆಲಸ. ಸೋರುವುದು ಎಲ್ಲಿ ಅಂತ ಗೊತ್ತಾಗದೆ ಯಾವ ಭಾಗವನ್ನೂ ಬಿಚ್ಚಲು ಬಿಡಬೇಡಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತ ಕಾರಾದರೆ ಒಳ್ಳೆಯದು. ಬಿಸಿ ಇದ್ದಾಗ ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ. ಅದೂ ಅಲ್ಲದೆ ಬಿಸಿ ಎಂಜಿನ್ ತಣಿಯುತ್ತಾ ಹೋದಂತೆ ಒತ್ತಡ ತಾನಾಗಿ ಇಳಿಯುವುದರಿಂದ, ಇಲ್ಲದ ಲೀಕ್ ಇದೆ ಅನ್ನಿಸಿಬಿಡುತ್ತದೆ. ಮುಚ್ಚಳದ ಜಾಗದಲ್ಲಿ ಟೆಸ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಅಂಕಿಯಷ್ಟೇ ಪಂಪ್ ಮಾಡಿ. ಸಾಮಾನ್ಯವಾಗಿ 0.9 ಅಥವಾ 1.1 ಬಾರ್ ಇರುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಹಳೆಯ ಪ್ಲಾಸ್ಟಿಕ್ ಟ್ಯಾಂಕ್ ಬಿರಿಯಬಹುದು. 15-20 ನಿಮಿಷ ಬಿಟ್ಟು ಟೆಸ್ಟರಿನ ಮುಳ್ಳು ಇಳಿದಿದೆಯೇ ನೋಡಿ.

ಇದೇ ಟೆಸ್ಟರಿಗೆ ಅಡಾಪ್ಟರ್ ಹಾಕಿ ಮುಚ್ಚಳವನ್ನೂ ಪರೀಕ್ಷಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿಗೆ ಕುದಿಯುತ್ತದೆ; ಮುಚ್ಚಳದ ರಬ್ಬರ್ ಗಟ್ಟಿಯಾಗಿ ಒತ್ತಡ ಹಿಡಿಯದಿದ್ದರೆ ಕೂಲಂಟ್ ಬೇಗ ಕುದಿದು, ಆವಿಯಾಗಿ ಓವರ್‌ಫ್ಲೋ ಪೈಪಿನಿಂದ ಹೊರಗೆ ಹೋಗುತ್ತದೆ. ನೆಲದ ಮೇಲೆ ಗುರುತು ಉಳಿಯುವುದಿಲ್ಲ.

ಉತ್ತರ 2:
ನೆಲ ಒಣಗಿದೆ, ಸಿಹಿ ವಾಸನೆ ಇದೆ ಅಂದರೆ ಹೆಚ್ಚಾಗಿ ಸಣ್ಣ ಸೋರಿಕೆ. ಹನಿ ಕೆಳಗೆ ಬೀಳುವ ಮೊದಲೇ ಬಿಸಿ ಲೋಹದ ಮೇಲೆ ಆವಿಯಾಗುತ್ತದೆ, ಬಣ್ಣದ ಪುಡಿ ಮಾತ್ರ ಅಂಟಿಕೊಳ್ಳುತ್ತದೆ. ಟಾರ್ಚು ಮತ್ತು ಕೈಗನ್ನಡಿ ಹಿಡಿದು ಆ ಪುಡಿಯನ್ನೇ ಹುಡುಕಿ. ಗುಲಾಬಿ, ಹಸಿರು, ಒಮ್ಮೊಮ್ಮೆ ಬಿಳಿ ಪೊರೆಯಂತೆ ಕಾಣುತ್ತದೆ.

ಥರ್ಮೋಸ್ಟಾಟ್ ಹೌಸಿಂಗ್‌ನ (ಬಿಸಿಗೆ ತಕ್ಕಂತೆ ಕೂಲಂಟ್ ಹರಿಯಬಿಡುವ ಕವಾಟದ ಕವಚ) ಕೆಳಭಾಗ, ಹೋಸ್‌ಗಳ ತುದಿ, ರೇಡಿಯೇಟರಿನಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು ನೋಡಿ. ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ತೂತು ಇರುತ್ತದೆ. ಒಳಗಿನ ಸೀಲ್ ಹೋದಾಗ ಕೂಲಂಟ್ ಬೇರಿಂಗ್ ಕಡೆ ಹೋಗದೆ ಹೊರಗೆ ಬರಲಿ ಅಂತಲೇ ಇಟ್ಟಿರುವುದು. ಅಲ್ಲಿಂದ ಧಾರೆ ಇಳಿದ ಕಲೆ ಇದ್ದರೆ ಪಂಪ್ ಬದಲಿಸಲೇಬೇಕು, ತೂತು ಮುಚ್ಚಬೇಡಿ.

ಮುಂದಿನ ಸೀಟಿನ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಜಿಗುಟಾದ ತೇವ ಇದ್ದು, ಗಾಜಿನ ಒಳಗಡೆ ಎಣ್ಣೆಯಂಥ ಮಬ್ಬು ಕೂತರೆ ಹೀಟರ್ ಕೋರ್ (ಕಾರಿನ ಒಳಗೆ ಬಿಸಿ ಗಾಳಿ ಕೊಡುವ ಚಿಕ್ಕ ರೇಡಿಯೇಟರ್) ಸೋರುತ್ತಿದೆ. ಕಾರಿನ ಕೆಳಗೆ ಬಣ್ಣ, ವಾಸನೆ ಎರಡೂ ಇಲ್ಲದ ನೀರು ತೊಟ್ಟಿಕ್ಕಿದರೆ ಅದು ಎಸಿ ನೀರು, ಚಿಂತೆ ಬೇಡ.

ಉತ್ತರ 3:
ಟೆಂಪರೇಚರ್ ಮುಳ್ಳು ಮಧ್ಯದಲ್ಲಿದೆ ಅಂತ ಧೈರ್ಯವಾಗಿರಬೇಡಿ. ಕೂಲಂಟ್ ತೀರಾ ಇಳಿದರೆ ಸೆನ್ಸರ್ ಸುತ್ತ ಗಾಳಿ ತುಂಬುತ್ತದೆ, ಆಗ ಎಂಜಿನ್ ಕಾದಿದ್ದರೂ ಮುಳ್ಳು ಏರದೆ ಇರಬಹುದು. ಪತ್ತೆಯಾಗುವವರೆಗೆ ದಿನಾ ಬೆಳಿಗ್ಗೆ ಮಟ್ಟ ನೋಡಿ.

ಟೆಸ್ಟಿನಲ್ಲಿ ಒತ್ತಡ ಇಳಿದು, ಹೊರಗೆಲ್ಲೂ ತೇವ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲ್ಭಾಗದ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಒತ್ತಡದಲ್ಲೇ ಕೆಲವು ಗಂಟೆ ಬಿಟ್ಟು ಸ್ಪಾರ್ಕ್ ಪ್ಲಗ್ ತೆಗೆದು ನೋಡಿ, ಯಾವ ಸಿಲಿಂಡರ್ ಒದ್ದೆಯಾಗಿದೆಯೋ ಅಲ್ಲಿದೆ ತೊಂದರೆ. ಕೂಲಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಪರೀಕ್ಷೆಯೂ ಇದೆ. ದಹನದ ಅನಿಲ ಸೇರಿದ್ದರೆ ಪೆಟ್ರೋಲ್ ಎಂಜಿನ್‌ನಲ್ಲಿ ಅದು ಹಳದಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಟೆಸ್ಟ್ ಆಯಿತು. 12 ನಿಮಿಷದಲ್ಲಿ 1.1ರಿಂದ 0.8ಕ್ಕೆ ಇಳಿಯಿತು. ಥರ್ಮೋಸ್ಟಾಟ್ ಹೌಸಿಂಗ್ ಕೆಳಗೆ ಗುಲಾಬಿ ಪುಡಿ, ಜೋಡಣೆಯ ಅಂಚಿನಲ್ಲಿ ತೇವ. ಹೌಸಿಂಗ್ ಪ್ಲಾಸ್ಟಿಕ್‌ದು. ಮುಚ್ಚಳ ಸರಿ ಇದೆ. ಎಪಾಕ್ಸಿ ಹಚ್ಚಿದರೆ ಸಾಕೇ, ಅಥವಾ ಲೀಕ್ ನಿಲ್ಲಿಸುವ ದ್ರವ ಹಾಕಲೇ?

ಉತ್ತರ 1:
ಎರಡೂ ಬೇಡ. ವರ್ಷಾನುಗಟ್ಟಲೆ ಬಿಸಿಯಾಗಿ ತಣಿದು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸೀಲ್ ಚಪ್ಪಟೆಯಾಗುತ್ತದೆ. ಹೊರಗೆ ಹಚ್ಚಿದ ಅಂಟು ಒಳಗಿನ ಒತ್ತಡಕ್ಕೆ ಬಾಳುವುದಿಲ್ಲ. ಆ ದ್ರವ ಹೀಟರ್ ಕೋರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡರೆ ಈಗಿಲ್ಲದ ಇನ್ನೊಂದು ಕೆಲಸ ಬರುತ್ತದೆ.

ಹೌಸಿಂಗ್, ಸೀಲ್, ಥರ್ಮೋಸ್ಟಾಟ್ ಮೂರನ್ನೂ ಹೊಸದು ಹಾಕಿ. ಹೋಸ್ ಅಂಟಿಕೊಂಡಿದ್ದರೆ ಜಗ್ಗಬೇಡಿ, ಮೊದಲು ತಿರುಗಿಸಿ ಸಡಿಲ ಮಾಡಿ. ಎಂಜಿನ್ ಕಡೆಯ ಮೇಲ್ಮೈಯನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ಸ್ವಚ್ಛ ಮಾಡಿ. ಚಾಕು ಹಿಡಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅಲ್ಲೇ ಮತ್ತೆ ಸೋರುತ್ತದೆ. ರಬ್ಬರ್ ರಿಂಗಿಗೆ ಸೀಲಂಟ್ ಹಚ್ಚಬಾರದು, ಕೂಲಂಟಿನಲ್ಲಿ ಒದ್ದೆ ಮಾಡಿ ಕೂರಿಸಿದರೆ ಸಾಕು. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಎಂ6 ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ.

ಉತ್ತರ 2:
ತುಂಬಿಸುವಾಗ ಮ್ಯಾನ್ಯುಯಲ್ ಹೇಳಿದ ಮಾದರಿಯ ಕೂಲಂಟನ್ನೇ ತನ್ನಿ. ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ರಸಾಯನ ಇರುತ್ತದೆ. ಕಾನ್ಸಂಟ್ರೇಟ್ (ನೀರು ಬೆರೆಸದ್ದು) ಆದರೆ ಅರ್ಧ ಅದು, ಅರ್ಧ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನ ಖನಿಜ ಒಳಗೆ ಗಟ್ಟಿ ಪದರ ಕಟ್ಟುತ್ತದೆ.

ಗಾಳಿ ತೆಗೆಯುವುದರಲ್ಲಿ ಅವಸರ ಬೇಡ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ನಿಧಾನ ಸುರಿಯಿರಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ ತೆರೆದಿಡಿ. ಸ್ಕ್ರೂ, ಮುಚ್ಚಳ ಎರಡನ್ನೂ ಹಾಕಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಮೇಲಿನ ಹೋಸ್ ಬಿಸಿಯಾಗಿ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಇನ್ನೂ ಗಾಳಿ ಉಳಿದಿದೆ. ಮಾರನೆ ಬೆಳಿಗ್ಗೆ ಮಟ್ಟ ಸರಿ ಮಾಡಿ, ಇನ್ನೊಮ್ಮೆ ಪ್ರೆಶರ್ ಟೆಸ್ಟ್ ಹಾಕಿ. 20 ನಿಮಿಷ ಮುಳ್ಳು ಕದಲಬಾರದು.

ಚೆಲ್ಲಿದ ಕೂಲಂಟನ್ನು ಆಗಲೇ ಒರೆಸಿ, ಹಳೆಯದನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಸಿಹಿಯಾಗಿರುವುದರಿಂದ ನಾಯಿ ನೆಕ್ಕುತ್ತದೆ, ಬೆಕ್ಕೂ ನೆಕ್ಕಬಹುದು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸ್ವಲ್ಪವೇ ಹೊಟ್ಟೆಗೆ ಹೋದರೂ ಅವುಗಳ ಮೂತ್ರಪಿಂಡ ಹಾಳಾಗುತ್ತದೆ.