ಮಲಬಾರ್ ಬ್ಯಾಂಡೆಡ್ ಸ್ವಾಲೋಟೇಲ್: ಯಾವ ಹೆಸರು ಬರೆಯಲಿ, ನಕ್ಷೆಯಲ್ಲಿ ಚುಕ್ಕೆ ಇಡಲೇ?

ಕೇಳಿದವರು:
ಸಕಲೇಶಪುರದ ಕಡೆ ನಮ್ಮ ಕಾಫಿ ತೋಟದ ಅಂಚಿನಲ್ಲಿ, ಹಳ್ಳದ ಹತ್ತಿರ, ಕಪ್ಪು ಮೈಯ ಬಾಲದ ಚಿಟ್ಟೆಯೊಂದು ಕಂಡಿತು. ರೆಕ್ಕೆಗೆ ಅಡ್ಡಲಾಗಿ ತಿಳಿ ಹಳದಿ ಪಟ್ಟಿ. ಮೂರು ಫೋಟೊ ತೆಗೆದೆ, ಮೂರೂ ಅಲುಗಿವೆ. ಆ್ಯಪ್ 'ಪ್ಯಾಪಿಲಿಯೊ ಡೆಮೋಲಿಯನ್' ಅಂತ ತೋರಿಸುತ್ತೆ. ಒಂದು ಹಳೇ ಪಟ್ಟಿಯಲ್ಲಿ 'ಡೆಮೋಲಿಯನ್ ಲಿಯೋಮೆಡಾನ್' ಅಂತಿದೆ, ಹೊಸದರಲ್ಲಿ ಬರೀ 'ಲಿಯೋಮೆಡಾನ್'. ತಾಲ್ಲೂಕಿನ ಚಿಟ್ಟೆಗಳ ಪಟ್ಟಿ ಮಾಡ್ತಾ ಇದ್ದೀನಿ. ಯಾವ ಹೆಸರು ಹಾಕಲಿ? ಒಂದೇ ಸಲ ಕಂಡಿದ್ದಕ್ಕೆ 'ಇಲ್ಲಿದೆ' ಅಂತ ಬರೆಯಬಹುದಾ? ಅನುಭವ ಇರೋರು ಹೇಳಿ.

*

ಮೊದಲು ಇದು ಕಾಮನ್ ಮಾರ್ಮನ್ (ಇದೇ ಥರ ಕಪ್ಪಗಿರೋ ಇನ್ನೊಂದು ಚಿಟ್ಟೆ) ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಮಾರ್ಮನ್ ಗಂಡಿಗೆ ಬಿಳಿ ಪಟ್ಟಿ ಇರೋದು ಹಿಂದಿನ ರೆಕ್ಕೆಯಲ್ಲಿ ಮಾತ್ರ, ಮುಂದಿನ ರೆಕ್ಕೆಯ ಅಂಚಿಗೆ ಸಣ್ಣ ಚುಕ್ಕೆಗಳಷ್ಟೇ. ನಿಮ್ಮ ಚಿಟ್ಟೆಯ ಪಟ್ಟಿ ಮುಂದಿನ ರೆಕ್ಕೆಯ ತುದಿಯ ಕಡೆಯಿಂದ ಬಿಡಿಬಿಡಿ ಮಚ್ಚೆಯಾಗಿ ಶುರುವಾಗಿ, ಓರೆಯಾಗಿ ಇಳಿದು, ಹಿಂದಿನ ರೆಕ್ಕೆಯಲ್ಲೂ ಮುಂದುವರಿದಿದ್ದರೆ ಸರಿ. ಅಲುಗಿದ ಫೋಟೊದಲ್ಲೂ ಇಷ್ಟು ಗೊತ್ತಾಗುತ್ತೆ.

ಇನ್ನೊಂದು, ಟೈಪ್ ಮಾಡುವಾಗ ಹುಷಾರು. 'ಡೆಮೋಲಿಯಸ್' ಅಂದ್ರೆ ಕರಿಬೇವಿನ ಗಿಡದ ಮೇಲೆ ದಿನಾ ಕಾಣೋ ಲೈಮ್ ಬಟರ್‌ಫ್ಲೈ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅಪರೂಪದ್ದು ಮಾಮೂಲಿ ಆಗಿಬಿಡುತ್ತೆ. ನಾನೇ ಮಾಡಿದೀನಿ, ಅದಕ್ಕೇ ಹೇಳ್ತಿರೋದು.

*

ಲಿಯೋಮೆಡಾನ್ ಅಂತಲೇ ಬರೆಯಿರಿ ಸರ್, ಮಲಬಾರ್ ಬ್ಯಾಂಡೆಡ್ ಸ್ವಾಲೋಟೇಲ್ ಅಂದ್ರೆ ಅದೇ. ಡೆಮೋಲಿಯನ್ನಿಗೆ ಕ್ರಾಮರ್ 1776ರಲ್ಲಿ ಹೆಸರಿಟ್ಟ. ಅದು ಮ್ಯಾನ್ಮಾರ್‌ನ ದಕ್ಷಿಣದಿಂದ ಮಲಯ, ಸುಮಾತ್ರ, ಜಾವಾ, ಬೋರ್ನಿಯೊ ಕಡೆ ಇರುವ ಚಿಟ್ಟೆ. ಸುಮಾರು ನೂರು ವರ್ಷ ಬಿಟ್ಟು ಫ್ರೆಡರಿಕ್ ಮೂರ್ ನಮ್ಮ ಘಟ್ಟದ್ದನ್ನು ಬೇರೆ ಪ್ರಭೇದ ಅಂತ ವರ್ಣಿಸಿದ. ಆಮೇಲಿನ ಕೆಲವರು ಎರಡೂ ಒಂದೇ ಥರ ಕಾಣುತ್ತವಲ್ಲ ಅಂತ ಇದನ್ನು ಡೆಮೋಲಿಯನ್ನಿನ ಉಪಪ್ರಭೇದ ಮಾಡಿದರು. ಈಗ ಮತ್ತೆ ಸ್ವತಂತ್ರ ಪ್ರಭೇದ. ನಿಮ್ಮ ಎರಡೂ ಪಟ್ಟಿಗಳು ತಮ್ಮ ತಮ್ಮ ಕಾಲಕ್ಕೆ ಸರಿಯೇ. ಮೂರ್ ಹೆಸರಿನ ಮುಂದೆ ಒಂದು ಕಡೆ 1874, ಇನ್ನೊಂದು ಕಡೆ ಚೌಕ ಆವರಣದಲ್ಲಿ 1875 ಕಂಡರೂ ಗಾಬರಿಯಾಗಬೇಡಿ. ಮೂರ್ ವರ್ಣನೆ ಇರುವ ಸಂಪುಟ 1874ರದ್ದು, ಅಚ್ಚಾಗಿ ಹೊರಬಂದದ್ದು ಮರುವರ್ಷ.

ಆ್ಯಪ್ ಏನೇ ಅನ್ನಲಿ, ಈ ಜೋಡಿಯಲ್ಲಿ ಊರೇ ಗುರುತು. ಒಂದು ಪಶ್ಚಿಮ ಘಟ್ಟ ಬಿಟ್ಟು ಆಚೆ ಹೋಗಲ್ಲ, ಇನ್ನೊಂದು ಬಂಗಾಳಕೊಲ್ಲಿ ದಾಟಿ ಈಚೆ ಬರಲ್ಲ. ಇಂಥ ಜೋಡಿ ಇದೊಂದೇ ಅಲ್ಲ. ನಮ್ಮ ಮಲಬಾರ್ ಬ್ಯಾಂಡೆಡ್ ಪೀಕಾಕ್ (ಕೇರಳದವರು 2018ರಲ್ಲಿ ರಾಜ್ಯ ಚಿಟ್ಟೆ ಮಾಡ್ಕೊಂಡ್ರಲ್ಲ, ಅದು) ಮತ್ತು ಆಗ್ನೇಯ ಏಷ್ಯಾದ ಪಾಲಿನ್ಯೂರಸ್ ಕೂಡ ಹೀಗೇ. ಎರಡೂ ಕಡೆ ಮಳೆಕಾಡು, ನಡುವೆ ಒಣ ಬಯಲು ಮತ್ತು ಸಮುದ್ರ.

*

ಹೆಸರಿನ ವಿಷಯ ಮುಗೀತು ಅನ್ಕೊಳ್ತೀನಿ. 'ಇಲ್ಲಿದೆ' ಅನ್ನೋದಕ್ಕೆ ಹಾರೋ ಚಿಟ್ಟೆ ಸಾಕಾಗಲ್ಲ, ಯಾಕಂದ್ರೆ ಅದು ಹಾರಿಕೊಂಡು ಬಂದಿರಬಹುದು. ಮೊಟ್ಟೆ, ಹುಳು ಹುಡುಕಿ. ನಾನು ಆರು ವರ್ಷದಲ್ಲಿ ಹಾರೋ ಚಿಟ್ಟೆ ಸರಿಯಾಗಿ ನೋಡಿದ್ದು ನಾಲ್ಕೇ ಸಲ. ಮರದ ನೆತ್ತಿ ಮೇಲೆ ಬಿರ್ರನೆ ಹೋಗಿಬಿಡುತ್ತೆ. ಹುಳುಗಳು ಹಾಗಲ್ಲ, ಗುಂಪಾಗಿ ಒಂದೇ ಕೊಂಬೆಯಲ್ಲಿ ಕೂತಿರುತ್ತವೆ.

ಹುಳುಗಳು ತಿನ್ನೋ ಗಿಡದ ಹೆಸರು ಮೆಲಿಕೋಪೆ ಲುನು-ಅಂಕೆಂಡ. ಹಳೇ ಪುಸ್ತಕಗಳಲ್ಲಿ ಇವೋಡಿಯಾ. ಚಿಟ್ಟೆಗಷ್ಟೇ ಅಲ್ಲ, ಅದರ ಊಟಕ್ಕೂ ಹೆಸರು ಬದಲಾಗಿದೆ! 'ಲುನು ಅಂಕೆಂಡ' ಸಿಂಹಳ ಹೆಸರು, ಲಂಕೆಯಲ್ಲೂ ಈ ಮರ ಇದೆ, ಆದರೆ ಈ ಚಿಟ್ಟೆ ಅಲ್ಲಿಲ್ಲ. ಅಂದ್ರೆ ಗಿಡ ಇದ್ದಲ್ಲೆಲ್ಲ ಚಿಟ್ಟೆ ಇದೆ ಅಂತ ಲೆಕ್ಕ ಹಾಕಬೇಡಿ.

ಗುರುತಿಸೋದು ಹೀಗೆ: ತೊಟ್ಟಿಗೆ ಮೂರು ಎಲೆ, ಎದುರುಬದುರು. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳು ಕಾಣ್ತವೆ, ಅವು ಎಣ್ಣೆಯ ಗ್ರಂಥಿಗಳು. ಹಿಸುಕಿದರೆ ಹೇರಳೆಕಾಯಿ ಸಿಪ್ಪೆ ನೆನಪಾಗುತ್ತೆ. ನಿಂಬೆ ಕುಟುಂಬದ್ದೇ ತಾನೆ. ಆಮೇಲೆ ಎಳೆ ಚಿಗುರು ನೋಡಿ. ಈ ಚಿಟ್ಟೆ ಮೊಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತೆ, ಪುಟ್ಟ ಮಣಿಸರದ ತುಂಡು ನಿಲ್ಲಿಸಿದ ಹಾಗೆ. ಮಾರ್ಮನ್, ಲೈಮ್ ಎಲ್ಲ ಬಿಡಿಬಿಡಿಯಾಗಿ ಒಂದೊಂದೇ ಇಡುವಂಥವು, ಹಾಗಾಗಿ ಪೇರಿಸಿದ್ದು ಕಂಡರೆ ಅನುಮಾನ ಬೇಡ.

ತೋಟದಲ್ಲಿ ನೆರಳು ಕಡಿಯುವಾಗ ಇದನ್ನು ಕಾಡುಮರ ಅಂತ ಮೊದಲು ತೆಗೀತಾರೆ. ನಿಮ್ಮಲ್ಲಿ ಇದ್ದರೆ ಉಳಿಸ್ಕೊಳ್ಳಿ.

*

ನಕ್ಷೆ ಬಗ್ಗೆ ಒಂದು ಮಾತು. ಐನ್ಯಾಚುರಲಿಸ್ಟ್‌ನ (ಜನ ತಾವು ಕಂಡ ಜೀವಿಗಳನ್ನು ದಾಖಲಿಸೋ ಜಾಲತಾಣ) ಚುಕ್ಕೆ ನೋಡಿ ಹಂಚಿಕೆ ಬರೀಬೇಡಿ, ನಾನು ಬರೆದು ಕೆಟ್ಟೆ. ಸ್ಥಳ ಮರೆಮಾಡಿದ ದಾಖಲೆಗಳಲ್ಲಿ ಚುಕ್ಕೆಯನ್ನು 0.2 ಡಿಗ್ರಿ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಎಸೆದಿರ್ತಾರೆ. ಅಂದ್ರೆ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ. ಘಟ್ಟದಲ್ಲಿ ಅಷ್ಟು ದೂರದಲ್ಲಿ ನಿತ್ಯಹರಿದ್ವರ್ಣ ಕಾಡು ಮುಗಿದು ಜೋಳದ ಹೊಲ ಬಂದಿರುತ್ತೆ. ನನ್ನ ಪಟ್ಟಿಯಲ್ಲಿ ಕಾಡೇ ಇಲ್ಲದ ಹೋಬಳಿಗೆ ಕಾಡುಚಿಟ್ಟೆ ಸೇರಿಕೊಂಡಿತ್ತು. ಓದಿದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಅಲ್ಲಿ ಇದು ಏನು ತಿನ್ನುತ್ತೆ ಮಾರಾಯಾ?"

ನಿಮ್ಮ ಜಾಗದ ನಿಖರ ಗುರುತನ್ನೂ ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯ ಸಂರಕ್ಷಿತ ಪಟ್ಟಿಯಲ್ಲಿರೋ ಚಿಟ್ಟೆ ಇದು, ಹಿಡಿಯೋದು ಅಪರಾಧ. ಹಾಗಂತ ಆ ಪಟ್ಟಿ ನೋಡಿ 'ಅಪರೂಪ' ಅಂತ ತೀರ್ಮಾನಿಸೋದೂ ಕಷ್ಟ. ಊರೆಲ್ಲ ಹಾರಾಡೋ ಕ್ರಿಮ್ಸನ್ ರೋಸ್ ಚಿಟ್ಟೆ ಕೂಡ ಹಳೇ ಒಂದನೇ ಶೆಡ್ಯೂಲಿನಲ್ಲೇ (ಅತಿ ಹೆಚ್ಚು ರಕ್ಷಣೆಯ ಪಟ್ಟಿ) ಇತ್ತು.

*

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪಟ್ಟಿ ಮುಂದಿನ ರೆಕ್ಕೆಯಲ್ಲೂ ಇದೆ, ಮತ್ತೆ ನೋಡಿದೆ. ಹೆಸರು ಲಿಯೋಮೆಡಾನ್, ಷರಾ ಕಾಲಂನಲ್ಲಿ 'ಒಂದು ಸಲ, ಹಾರಾಟದಲ್ಲಿ' ಅಂತ ಹಾಕಿದೀನಿ. ಇವತ್ತು ಹಳ್ಳದ ಆಚೆ ಮೂರೆಲೆಯ ಮರ ಎರಡು ಸಿಕ್ಕವು. ಎಲೆ ಬಿಸಿಲಿಗೆ ಹಿಡಿದರೆ ಚುಕ್ಕೆಗಳೂ ಇವೆ. ಚಿಗುರಲ್ಲಿ ಏನೂ ಇಲ್ಲ, ಚಗಳಿ ಇರುವೆ ಮಾತ್ರ ಕೈ ತುಂಬಾ ಕಚ್ಚಿತು. ವಾರಕ್ಕೊಮ್ಮೆ ನೋಡ್ತೀನಿ.