ಕಪ್ಪು ಯೇಸುವಿನ ಕಿಟಕಿ: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಸಣ್ಣತ್ತೆ: (ಫೋಟೊ) ಅಮೆರಿಕದ ಬರ್ಮಿಂಗ್‌ಹ್ಯಾಮ್ ಊರಿನ 16ನೇ ಬೀದಿ ಬ್ಯಾಪ್ಟಿಸ್ಟ್ ಚರ್ಚಿನ ಗಾಜಿನ ಕಿಟಕಿ. ನೋಡುತ್ತಾ ಕೂತುಬಿಟ್ಟೆ.

ದೊಡ್ಡಪ್ಪ: ಇದೇನಮ್ಮ, ಯೇಸುಸ್ವಾಮಿಗೆ ಕಪ್ಪು ಬಣ್ಣ ಬಳಿದಿದ್ದಾರೆ? ಕರ್ತನಿಗೆ ಕರಿಯ ಬಿಳಿಯ ಅಂತ ಉಂಟಾ? ಚರ್ಚಿನೊಳಗೆ ರಾಜಕೀಯ ತರಬಾರದು.

ತಮ್ಮ: ದೊಡ್ಡಪ್ಪ, ನಮ್ಮ ಹಾಲ್‌ನ ಕ್ಯಾಲೆಂಡರಿನಲ್ಲಿ ಯೇಸುವಿಗೆ ನೀಲಿ ಕಣ್ಣು, ಹೊಂಬಣ್ಣದ ಕೂದಲು. ಅದೂ ಯಾರೋ ಬಳಿದ ಬಣ್ಣವೇ ಅಲ್ವಾ?

ದೊಡ್ಡಪ್ಪ: ಅದರ ಕೆಳಗೆ ಕೂರಿಸಿಕೊಂಡೇ ನಿನ್ನ ಅಜ್ಜಿ ನಮಗೆ ಪ್ರಾರ್ಥನೆ ಕಲಿಸಿದ್ದು. ಹಗುರವಾಗಿ ಮಾತಾಡಬೇಡ.

ನಾನು: ಅದನ್ನು ಯಾರೂ ತೆಗೆಯಿರಿ ಎನ್ನುತ್ತಿಲ್ಲ ದೊಡ್ಡಪ್ಪ. ಈ ಕಿಟಕಿ ಹೇಗೆ ಬಂತು ಅಂತ ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. 1963ರ ಸೆಪ್ಟೆಂಬರ್ 15, ಭಾನುವಾರ. ಅದು ಕಪ್ಪು ಜನರ ಚರ್ಚು. ಅವತ್ತು ಅಲ್ಲಿ ಮಕ್ಕಳದೇ ಆರಾಧನೆ. ಕೆಳಗಿನ ಕೋಣೆಯಲ್ಲಿ ಹುಡುಗಿಯರು ತಯಾರಾಗುತ್ತಿದ್ದರು. ಒಬ್ಬಳು ಇನ್ನೊಬ್ಬಳ ಫ್ರಾಕಿನ ಸೊಂಟದ ಪಟ್ಟಿ ಕಟ್ಟುತ್ತಿದ್ದಳು. ಆಗ ಮೆಟ್ಟಿಲ ಕೆಳಗಿಟ್ಟಿದ್ದ ಬಾಂಬ್ ಸಿಡಿಯಿತು. ನಾಲ್ವರು ಹುಡುಗಿಯರು ಹೋದರು. ಇಟ್ಟವರು ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್‌ನವರು. ಶಿಲುಬೆಯ ಹೆಸರು ಹೇಳಿಕೊಂಡೇ ಇದನ್ನೆಲ್ಲ ಮಾಡುವ ಗುಂಪು ಅದು. ಮೇಲಿನ ಒಂದು ಕಿಟಕಿಯಲ್ಲಿ ಯೇಸುವಿನ ಚಿತ್ರವಿತ್ತು. ಮುಖದ ಗಾಜು ಉದುರಿಹೋಗಿ ಮೈ ಮಾತ್ರ ಉಳಿದಿತ್ತು.

ನಾನು: ಸುದ್ದಿ ಕೇಳಿ ಬ್ರಿಟನ್ನಿನ ವೇಲ್ಸ್‌ನ ಕಲಾವಿದ ಜಾನ್ ಪೆಟ್ಸ್ ಹೊಸ ಕಿಟಕಿ ಮಾಡಿಕೊಡುತ್ತೇನೆ ಎಂದರು. ವೆಸ್ಟರ್ನ್ ಮೇಲ್ ಪತ್ರಿಕೆ ಹಣ ಕೂಡಿಸಿತು. ಯಾರೂ ಅರ್ಧ ಕ್ರೌನ್ ಎಂಬ ಒಂದು ನಾಣ್ಯಕ್ಕಿಂತ ಜಾಸ್ತಿ ಕೊಡುವಂತಿರಲಿಲ್ಲ. ಒಬ್ಬ ಸಾಹುಕಾರನ ಕಾಣಿಕೆ ಆಗಬಾರದು, ಎಲ್ಲರದೂ ಆಗಬೇಕು ಅಂತ. ಮಕ್ಕಳೂ ಚಿಲ್ಲರೆ ತಂದುಕೊಟ್ಟರು. 1965ರಲ್ಲಿ ಕಿಟಕಿ ಬಂತು. ಫೋಟೊ ದೊಡ್ಡದು ಮಾಡಿ ಕೈಗಳನ್ನು ನೋಡಿ. ಒಂದು ಕೈ ಅನ್ಯಾಯವನ್ನು ತಳ್ಳುತ್ತಿದೆ. ಇನ್ನೊಂದು ಕ್ಷಮೆಗೆ ತೆರೆದಿದೆ. ಕೆಳಗಿರುವ ಮಾತು ಬೈಬಲಿನ ಮತ್ತಾಯ 25ರದ್ದು, ‘ನನಗೇ ಮಾಡಿದಿರಿ’ ಅಂತ. ಅಲ್ಪರಿಗೆ ಮಾಡಿದ್ದು ನನಗೇ ಮಾಡಿದಂತೆ ಎಂದು ಯೇಸು ಹೇಳಿದ ಮಾತು ಅದು. ಯೇಸುವಿನ ಚರ್ಮ ಹೀಗಿತ್ತು ಅಂತ ಈ ಕಿಟಕಿ ಹೇಳುತ್ತಿಲ್ಲ. ಆ ಬಾಂಬ್ ಯಾರ ಮೇಲೆ ಬಿತ್ತು ಅಂತ ಹೇಳುತ್ತಿದೆ.

ದೊಡ್ಡಪ್ಪ: ಓದಿ ಸಂಕಟವಾಯಿತು. ಆದರೂ ಇದು ಪಾಪದ ವಿಷಯ, ಮನುಷ್ಯನ ಹೃದಯ ಬದಲಾಗಬೇಕು. ಮೆರವಣಿಗೆ, ಕಾನೂನು ಅಂತ ಹೊರಟರೆ ಸುವಾರ್ತೆ ಹಿಂದೆ ಬೀಳುತ್ತದೆ. ಸಭಾಪಾಲಕರ ಕೆಲಸ ಸಮಾಧಾನ ತರುವುದು.

ನಾನು: ಅದೇ ಊರಿನಲ್ಲಿ, ಬಾಂಬ್ ಸಿಡಿಯುವ ಐದು ತಿಂಗಳ ಮೊದಲು, ಎಂಟು ಜನ ಬಿಳಿಯ ಧರ್ಮಗುರುಗಳೂ ಸಮಾಧಾನವನ್ನೇ ಕೇಳಿದ್ದರು. ಸಮಾನ ಹಕ್ಕು ಕೇಳುತ್ತಿದ್ದ ಕಪ್ಪು ಜನರಿಗೆ, ಬೀದಿಗಿಳಿಯಬೇಡಿ, ಇದು ಹೊತ್ತಲ್ಲ ಎಂದಿದ್ದರು. ಅವರು ಕೆಟ್ಟವರಲ್ಲ. ಶಾಲೆಗಳಲ್ಲಿ ಕಪ್ಪು ಬಿಳಿ ಅಂತ ಬೇರೆ ಮಾಡಬಾರದು ಎಂಬ ಕೋರ್ಟಿನ ತೀರ್ಪು ಮೀರಬೇಡಿ ಅಂತ ಬಿಳಿಯರಿಗೂ ಬುದ್ಧಿ ಹೇಳಿದ್ದವರು. ಆ ಹೋರಾಟ ನಡೆಸಿ ಜೈಲಿನಲ್ಲಿದ್ದ ಕಪ್ಪು ಸಭಾಪಾಲಕ ಮಾರ್ಟಿನ್ ಲೂಥರ್ ಕಿಂಗ್, ಈ ಎಂಟು ಜನರಿಗೆ ಉತ್ತರ ಬರೆಯಲು ಶುರುಮಾಡಿದ್ದು ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ. ಕ್ಲಾನ್‌ನವರಿಗಿಂತ, ಕಾಯಿರಿ ಎನ್ನುವ ಒಳ್ಳೆಯ ಜನರೇ ದೊಡ್ಡ ಅಡ್ಡಿಯೇನೋ ಎಂದು ನೊಂದುಕೊಂಡಿದ್ದರು. ಹೃದಯ ಬದಲಾಗಲಿ ದೊಡ್ಡಪ್ಪ, ನಾನೂ ಅದಕ್ಕೇ ಪ್ರಾರ್ಥಿಸುತ್ತೇನೆ. ಆದರೆ ಆ ಬಾಂಬಿನ ಕೇಸಿನಲ್ಲಿ ಮೊದಲ ಶಿಕ್ಷೆ ಆದದ್ದು 1977ರಲ್ಲಿ. ಕೊನೆಯದು 2002ರಲ್ಲಿ. ಆ ತಾಯಂದಿರು ಇನ್ನೆಷ್ಟು ಕಾಯಬೇಕಿತ್ತು?

ಸಣ್ಣತ್ತೆ: ಅಣ್ಣ, ಅಮೆರಿಕ ಬಿಡಿ. ನಾನು ಮದುವೆಯಾಗಿ ಹೋದ ಊರಿನಲ್ಲಿ ಕರ್ತನ ಭೋಜನಕ್ಕೆ ಕೇರಿಯವರು ಕೊನೆಗೆ ಎದ್ದು ಬರುತ್ತಿದ್ದರು. ಹಾಗೆ ಬನ್ನಿ ಅಂತ ಯಾರೂ ಹೇಳಿರಲಿಲ್ಲ. ಒಂದೇ ಬಟ್ಟಲಿನಿಂದ ಕುಡಿಯಬೇಕಲ್ವಾ, ಅದಕ್ಕೆ. ನೀವೂ ಬಂದಾಗ ನೋಡಿದ್ದೀರಿ.

ತಮ್ಮ: ಕೇಳಿದರೆ ಪದ್ಧತಿ ಅನ್ನುತ್ತಾರೆ.

(ಮುಕ್ಕಾಲು ಗಂಟೆ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಪ್ಪ: ನೋಡಿದ್ದೇನಮ್ಮ. ಮುಂದಿನ ಬೆಂಚಿನಲ್ಲಿ ಕೂತು ನಾನೇ ಮೊದಲು ಎದ್ದು ಹೋಗಿದ್ದೇನೆ.

ದೊಡ್ಡಪ್ಪ: ಆರಾಧನೆಯ ಜಾಗದಲ್ಲಿ ಆ ಚಿತ್ರ ಇಡಲು ಈಗಲೂ ನನ್ನ ಮನಸ್ಸು ಒಪ್ಪುವುದಿಲ್ಲ. ಆ ಮಕ್ಕಳ ಹೆಸರು ಕಳಿಸು ಮಗಾ. ರಾತ್ರಿ ಮನೆ ಪ್ರಾರ್ಥನೆಯಲ್ಲಿ ಹೇಳುತ್ತೇನೆ.

ನಾನು: ಆಡಿ ಮೇ ಕಾಲಿನ್ಸ್, ಕೆರೊಲ್ ರಾಬರ್ಟ್ಸನ್, ಸಿಂಥಿಯಾ ವೆಸ್ಲಿ. ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಫ್ರಾಕಿನ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದವಳು ಅವಳೇ.